ಗೋಂದು ಹಚ್ಚಿಸಿದ ಕೈ

ಆಸ್ಪತ್ರೆಯ ನೆಲಮಾಳಿಗೆಯ ಹಳೆಯ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು, ಅದಕ್ಕೆ ತಕ್ಕ ವೇಗದ ಸ್ಕ್ಯಾನರ್ ಯಾವುದೆಂದು ನೀವೇ ನೋಡಿ ಹೇಳಬೇಕು ಎಂದು ಡೈರೆಕ್ಟರ್ ಮೇಡಂ ಅಂದಾಗ ದಾಖಲೆ ವಿಭಾಗದ ರೆಕಾರ್ಡಕ್ಕನಿಗೆ ತಲೆನೋವು ಬಂತು. ಯಂತ್ರ ತೋರಿಸಲು ಬರುವವರು ಯಾರೆಂದು ತಿಳಿದ ಮೇಲೆ ಆ ತಲೆನೋವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮೇಡಂ ಮೇಜಿನ ಮೇಲೆ ಎರಡು ವಿಸಿಟಿಂಗ್ ಕಾರ್ಡು ಇಟ್ಟಿದ್ದರು. ಒಂದು ದೊಡ್ಡ ಕಂಪನಿಯದು, ಮುಟ್ಟಿದರೆ ಜಾರುವಂಥ ನುಣುಪು. ಇನ್ನೊಂದು ಸಾದಾ ಕಾರ್ಡು. ಅದರ ಮೇಲಿದ್ದ ಹೆಸರನ್ನು ಓದಿ ರೆಕಾರ್ಡಕ್ಕ ಅದನ್ನು ಬೋರಲು ಹಾಕಿದಳು. ಆಮೇಲೆ ಮತ್ತೆ ತಿರುಗಿಸಿ ಓದಿದಳು.

"ಪರಿಚಯದವರಾ?" ಎಂದರು ಮೇಡಂ. ಅವರು ಈ ಆಸ್ಪತ್ರೆಗೆ ಬಂದು ಬಹಳ ಕಾಲವಾಗಿರಲಿಲ್ಲ.

"ಮುಂಚೆ ಇಲ್ಲೇ ಆಡಳಿತಾಧಿಕಾರಿ ಆಗಿದ್ರು ಮೇಡಂ. ರಿಟೈರ್ ಆದ್ಮೇಲೆ ಮೆಷಿನ್ ಏಜೆನ್ಸಿ ತಗೊಂಡ್ರು ಅಂತ ಕೇಳಿದ್ದೆ."

"ಒಳ್ಳೇದೇ ಆಯ್ತಲ್ಲ. ನಮ್ಮ ಕಾಗದ ಪತ್ರ ಹೇಗಿದೆ ಅಂತ ಅವರಿಗೆ ಗೊತ್ತಿರತ್ತೆ."

"ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರತ್ತೆ ಮೇಡಂ," ಎಂದಳು ರೆಕಾರ್ಡಕ್ಕ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಮೆಟ್ಟಿಲಿಳಿದು ನೆಲಮಾಳಿಗೆಗೆ ಬಂದವಳೇ ಟ್ರಾಲಿ ಮಾವನನ್ನು ಹುಡುಕಿದಳು. ಅವನು ಫೈಲು ತುಂಬಿದ ಟ್ರಾಲಿ ತಳ್ಳುತ್ತ ತಳ್ಳುತ್ತ ತಲೆ ನರೆತವನು. ಸ್ವಂತ ಮಾವನೇನಲ್ಲ, ಆಪರೇಷನ್ ಥಿಯೇಟರಿನ ಅಟೆಂಡರ್ ಆಗಿದ್ದ ಅವಳ ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಆ ಸಲಿಗೆಯಿಂದ ಮಾವ.

"ಮಾವಾ, ಗೋಂದು ಸಾಹೇಬ್ರು ಬರ್ತಿದಾರೆ."

ಮಾವ ಟ್ರಾಲಿ ನಿಲ್ಲಿಸಿದ. "ಯಾವ ವಾರ್ಡಿಗೆ?"

"ರೋಗಿಯಾಗಿ ಅಲ್ಲ. ಸ್ಕ್ಯಾನರ್ ಮಾರೋಕೆ. ತಗೊಳ್ಳೋದು ಬಿಡೋದು ನನ್ನ ಕೈಲಿದೆ."

ಮಾವ ಟ್ರಾಲಿಯ ಹಿಡಿಯನ್ನು ಹೆಗಲ ವಸ್ತ್ರದಿಂದ ಒರೆಸಿದ, ಯಾರೋ ದೊಡ್ಡವರ ಸವಾರಿಗೆ ಸಿದ್ಧ ಮಾಡುವವನ ಹಾಗೆ. "ನಿಮ್ಮಪ್ಪ ಇರ್ಬೇಕಿತ್ತು ಕಣಮ್ಮ," ಎಂದ.

ಅಲ್ಲಿಯೇ ಇತ್ತು ಅವಳ ನೋವು.

ಗೋಂದು ಸಾಹೇಬರಿಗೆ ಆ ಹೆಸರು ಬಂದದ್ದು ಹೀಗೆ. ಆಗೆಲ್ಲ ರಕ್ತ, ಮೂತ್ರ ಪರೀಕ್ಷೆಯ ವರದಿಗಳು ಅಂಗೈಯಗಲದ ಚೀಟಿಗಳಲ್ಲಿ ಬರುತ್ತಿದ್ದವು. ಅವನ್ನು ಗುಂಡುಪಿನ್ನಿನಿಂದ ರೋಗಿಯ ಫೈಲಿಗೆ ಚುಚ್ಚಿಡುವುದು ರೂಢಿ. ಪಿನ್ನು ತುಕ್ಕು ಹಿಡಿಯುತ್ತಿತ್ತು, ಬೆರಳಿಗೆ ಚುಚ್ಚುತ್ತಿತ್ತು, ನಿಜ. ಸಾಹೇಬರು ಎಲ್ಲೋ ಇನ್ನೊಂದು ಆಸ್ಪತ್ರೆ ನೋಡಿಕೊಂಡು ಬಂದು ಹೊಸ ಹುಕುಂ ಹೊರಡಿಸಿದರು: ಇನ್ನು ಮೇಲೆ ಪಿನ್ನಿಲ್ಲ, ಗೋಂದು. ಒಂದು ದಪ್ಪ ಹಾಳೆಯ ಮೇಲೆ ಚೀಟಿಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅಂಟಿಸಬೇಕು. ಮೇಲಿನ ಅಂಚಿಗೆ ಮಾತ್ರ ಗೋಂದು. ಕೆಳಗಿನ ಅಂಚು ಎತ್ತಿ ಓದಬಹುದು. ಹೇಳುವುದಕ್ಕೆ ಚೆಂದವಾಗಿಯೇ ಇತ್ತು. ಆದರೆ ಖರ್ಚು ಉಳಿಸಲೆಂದು ಗೋಂದನ್ನು ಅಂಗಡಿಯಿಂದ ತರಿಸಲಿಲ್ಲ. ಆಸ್ಪತ್ರೆಯ ಅಡುಗೆಮನೆಯಲ್ಲೇ ಹಿಟ್ಟು ಕುದಿಸಿ ಬಕೆಟ್ಟಿನಲ್ಲಿ ಕಳಿಸುತ್ತಿದ್ದರು. ಒಂದು ದಿನ ಕಲ್ಲಿನ ಹಾಗೆ, ಒಂದು ದಿನ ನೀರಿನ ಹಾಗೆ. ಹಚ್ಚಿದ ಕಡೆ ನಿಲ್ಲುತ್ತಿರಲಿಲ್ಲ, ಚೀಟಿಯ ಉದ್ದಕ್ಕೂ ಹರಿದು ಇಳಿಯುತ್ತಿತ್ತು.

"ಸರ್, ಇದು ಒಣಗೋಕೆ ಮುಂಚೆ ಫೈಲ್ ಮುಚ್ಚಿದ್ರೆ ಚೀಟಿಗೆ ಚೀಟಿ ಅಂಟ್ಕೊಳ್ತಿದೆ," ಎಂದು ಹೇಳಿದವಳು ರೆಕಾರ್ಡಕ್ಕನೇ. ಆಗ ಅವಳಿಗೆ ಆ ಹೆಸರಿರಲಿಲ್ಲ. ಕೆಲಸಕ್ಕೆ ಸೇರಿ ಸ್ವಲ್ಪ ಕಾಲವಾಗಿದ್ದ ಹುಡುಗಿ.

"ಅಂಟಿಸೋದು ನಿನ್ನ ಕೆಲಸ. ಯೋಚನೆ ಮಾಡೋದು ನನ್ನ ಕೆಲಸ. ಎರಡೂ ನೀನೇ ಮಾಡಿದ್ರೆ ನನಗೇನು ಉಳೀತು?" ಎಂದು ಸಾಹೇಬರು ನಕ್ಕರು. ಸುತ್ತಲಿದ್ದವರೂ ನಕ್ಕರು. ಸಾಹೇಬರು ನಕ್ಕಾಗ ನಗುವುದು ಅಲ್ಲಿ ಸಂಬಳದ ಒಂದು ಭಾಗವಾಗಿತ್ತು.

ಆಮೇಲೆ ಆಗಬೇಕಾದ್ದು ಆಯಿತು. ಒಂದು ಬೆಳಿಗ್ಗೆ ಆಪರೇಷನ್‌ಗೆ ಮಲಗಿಸಿದ ರೋಗಿಯ ರಕ್ತದ ಚೀಟಿ ಸಿಗಲಿಲ್ಲ. ಸರ್ಜನ್ ಕೂಗಾಡಿ ಆಪರೇಷನ್ ಮುಂದೂಡಿದರು. ಮಧ್ಯಾಹ್ನ ಚೀಟಿ ಸಿಕ್ಕಿತು, ಮೂತ್ರದ ಚೀಟಿಯ ಅಡಿಯಲ್ಲಿ, ಚರ್ಮಕ್ಕೆ ಚರ್ಮ ಕೂಡಿದ ಹಾಗೆ ಅಂಟಿಕೊಂಡು. ರೋಗಿಗೆ ಏನೂ ಆಗಲಿಲ್ಲ, ಮಾರನೆಯ ದಿನ ಆಪರೇಷನ್ ಆಗಿ ನಡೆದುಕೊಂಡು ಮನೆಗೆ ಹೋದ. ಆದರೆ ಸರ್ಜನ್ನಿನ ಕೋಪಕ್ಕೆ ಒಂದು ತಲೆ ಬೇಕಾಗಿತ್ತು. ಸಾಹೇಬರು ತಮ್ಮ ತಲೆ ಕೊಡುವುದುಂಟೇ?

ಥಿಯೇಟರಿನ ಮುಂದಿನ ಕಾರಿಡಾರಿನಲ್ಲಿ ಎಲ್ಲರನ್ನೂ ಸೇರಿಸಿ ಅವಳನ್ನು ನಡುವೆ ನಿಲ್ಲಿಸಿದರು. ಅವಳು ಮೆಲ್ಲಗೆ, "ಗೋಂದು ಸರ್..." ಎಂದಳು.

"ಗೋಂದು ಏನ್ ಮಾಡತ್ತೆ? ಗೋಂದಿಗೆ ಕಣ್ಣಿದೆಯಾ? ಕೈ ಸರಿ ಇರ್ಬೇಕು," ಎಂದರು ಸಾಹೇಬರು. ಅವಳ ಕೈಯನ್ನು ಹಿಡಿದೆತ್ತಿ ಎಲ್ಲರಿಗೂ ತೋರಿಸಿದರು. ಉಗುರಿನ ಸಂದಿಯಲ್ಲಿ ಒಣಗಿದ ಹಿಟ್ಟು ಇತ್ತು.

ಥಿಯೇಟರಿನ ಬಾಗಿಲಲ್ಲಿ ಹಸಿರು ಟೋಪಿ ಹಾಕಿಕೊಂಡು ಅಪ್ಪ ನಿಂತಿದ್ದರು.

ಸಂಜೆ ಮನೆಯಲ್ಲಿ ಅಪ್ಪ ಶರಟು ಬಿಚ್ಚಿ ಗೂಟಕ್ಕೆ ಹಾಕುತ್ತ, ಗೋಡೆಯ ಕಡೆಗೇ ಮುಖ ಮಾಡಿಕೊಂಡು, "ಸ್ವಲ್ಪ ನೋಡ್ಕೊಂಡು ಅಂಟಿಸ್ಬಾರ್ದಿತ್ತಾ ಮಗಳೇ," ಎಂದರು. ಅಷ್ಟೇ. ಅವಳು ಎಷ್ಟು ಸಲ ಬಿಡಿಸಿ ಹೇಳಿದರೂ ಅವರು ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದರು. ಅದು ನಂಬಿದವರ ಹೂಂ ಅಲ್ಲ, ಮಗಳ ಮನಸ್ಸು ನೋಯಬಾರದೆಂಬ ಹೂಂ. ಸಾಹೇಬರು ಅಷ್ಟು ಜನರ ಮುಂದೆ ಸುಳ್ಳು ಹೇಳುತ್ತಾರೆಂದು ಆ ಮನುಷ್ಯನಿಗೆ ನಂಬಲಾಗಲಿಲ್ಲ. ಕೊನೆಗೆ ಹಾಗೆಯೇ ತೀರಿಹೋದರು. ಸಾಹೇಬರು ಆಗಲೇ ಅವಳನ್ನು ಮೇಲಿನ ಗಾಳಿ ಬೆಳಕಿನ ಕೋಣೆಯಿಂದ ನೆಲಮಾಳಿಗೆಗೆ, ನೀರಿನ ಪಂಪಿನ ಪಕ್ಕದ ಸ್ಟೂಲಿಗೆ ಇಳಿಸಿದರು.

ನೆಲಮಾಳಿಗೆ ಅವಳಿಗೆ ಒಗ್ಗಿಹೋಯಿತು. ಗೋಂದಿನ ಕಾಲ ಮುಗಿದು ವರದಿಗಳು ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಬರತೊಡಗಿದವು. ಯಾವ ಫೈಲು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವ ಹಂತಕ್ಕೆ ಬಂದು, ಕೊನೆಗೆ ಆ ವಿಭಾಗಕ್ಕೇ ಮುಖ್ಯಸ್ಥೆಯಾಗಿ ರೆಕಾರ್ಡಕ್ಕ ಎನಿಸಿಕೊಂಡಳು. ಆದರೆ ಆ ಮಾತು ಮಾತ್ರ ಅವಳಿಂದ ಸಡಿಲಲಿಲ್ಲ. ಗೋಂದು ಏನ್ ಮಾಡತ್ತೆ, ಕೈ ಸರಿ ಇರ್ಬೇಕು. ಆ ಮಾತನ್ನು ಆಡಿದ ಬಾಯಿಯಿಂದಲೇ ತಪ್ಪು ಕೈಯದಲ್ಲ, ಗೋಂದಿನದು ಎಂದು ಹೇಳಿಸಬೇಕು. ಅದೊಂದೇ ಅವಳಿಗೆ ಬೇಕಾಗಿದ್ದುದು.

ಅದಕ್ಕೆ ದಾರಿಯೂ ಅವಳಿಗೆ ಹೊಳೆದುಬಿಟ್ಟಿತ್ತು. ವೇಗದ ಸ್ಕ್ಯಾನರ್ ಎಂದರೆ ಹಾಳೆಯನ್ನು ಒಂದು ಬದಿಯಿಂದ ಎಳೆದು, ರೋಲರುಗಳ ನಡುವೆ ಹಾಯಿಸಿ, ಇನ್ನೊಂದು ಬದಿಗೆ ಉಗುಳುವ ಯಂತ್ರ. ಹೆಂಚಿನಂತೆ ಅಂಟಿಸಿದ ಹಾಳೆ ಅದರ ಗಂಟಲಿಗೆ ಸಿಕ್ಕರೆ ನುಂಗಲೂ ಆಗದು, ಉಗುಳಲೂ ಆಗದು. ಸಾಹೇಬರೇ ಗೋಂದು ಹಚ್ಚಿಸಿದ ಹಾಳೆ ಸಾಹೇಬರ ಯಂತ್ರದ ಗಂಟಲಲ್ಲಿ, ಡೈರೆಕ್ಟರ್ ಮೇಡಂ ಕಣ್ಣೆದುರು. ನೆನೆಸಿಕೊಂಡರೇ ಹೊಟ್ಟೆ ತಣ್ಣಗಾಗುತ್ತಿತ್ತು.

ಯಂತ್ರ ತೋರಿಸುವ ದಿನ ಸಾಹೇಬರು ಮೊದಲೇ ಬಂದರು. ತಲೆಗೆ ಬಣ್ಣ ಹಚ್ಚಿದ್ದರು. ಕೋಟು ಹಳೆಯದು, ಇಸ್ತ್ರಿ ಹೊಸದು. ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತು ಅವಳನ್ನು ನೋಡಿ, ಬಿಟ್ಟುಹೋದ ಕೊಡೆ ಅಲ್ಲೇ ಸಿಕ್ಕವರ ಹಾಗೆ ನಕ್ಕರು.

"ಏನಮ್ಮಾ, ಇನ್ನೂ ಇಲ್ಲೇ ಇದೀಯಾ?"

"ಎಲ್ಲಿಗೆ ಹೋಗ್ಲಿ ಸರ್. ನೀವು ಕೂರಿಸಿದ ಜಾಗ."

"ಒಳ್ಳೇದು, ಒಳ್ಳೇದು," ಎಂದರು ಸಾಹೇಬರು. ಅವರಿಗೆ ಆ ದಿನದ್ದು ಏನೊಂದೂ ನೆನಪಿರಲಿಲ್ಲ. ಅವರು ನೆನಪಿಟ್ಟುಕೊಂಡು ಮುಚ್ಚಿಡುತ್ತಿದ್ದಾರೋ ಎಂದು ರೆಕಾರ್ಡಕ್ಕ ಕಣ್ಣಿಟ್ಟು ನೋಡಿದಳು. ಇಲ್ಲ, ಪೂರ್ತಿ ಮರೆತಿದ್ದರು. ತಾನು ಇಷ್ಟು ಕಾಲ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಕಾದಿದ್ದರೆ, ಹಚ್ಚಿದವರಿಗೆ ಬೆಂಕಿಯ ಸುದ್ದಿಯೇ ಇಲ್ಲ. ಅವಳ ಸಿಟ್ಟು ಇಮ್ಮಡಿಯಾಯಿತು.

ಡೈರೆಕ್ಟರ್ ಮೇಡಂ ಬಂದು ಕೂತ ಮೇಲೆ ಮೊದಲ ಸರದಿ ದೊಡ್ಡ ಕಂಪನಿಯವನದು. ಸದಾ ನಗುವ ಮುಖ, ಮಾತೆಲ್ಲ ಬೆಣ್ಣೆ. ತಾನೇ ತಂದ ಬಿಳಿ ಹಾಳೆಗಳ ದಪ್ಪ ಕಟ್ಟನ್ನು ತಟ್ಟೆಗೆ ಹಾಕಿ ಗುಂಡಿ ಒತ್ತಿದ. ಇಸ್ಪೀಟಿನ ಎಲೆ ಹಾಕಿದ ಹಾಗೆ ಸರಸರ ಹಾಳೆಗಳು ಹಾದು ಹೋದವು.

"ನಿಮಿಷಕ್ಕೆ ನೂರ ಇಪ್ಪತ್ತು ಹಾಳೆ. ಎರಡೂ ಮಗ್ಗುಲು ಒಂದೇ ಸಲಕ್ಕೆ," ಎಂದ.

ಟ್ರಾಲಿ ಮಾವ ಬಾಯಿ ತೆರೆದುಕೊಂಡು ನೋಡುತ್ತಿದ್ದ. ರೆಕಾರ್ಡಕ್ಕ ಆ ಹಾಳೆಗಳನ್ನು ಎತ್ತಿ ಬೆರಳಲ್ಲಿ ಸವರಿದಳು.

"ನಿಮ್ಮ ಹಾಳೆ ಬಹಳ ಒಳ್ಳೆ ಮನೆತನದ್ದು. ನಮ್ಮನೆಯವು ಹೀಗೆ ಹೇಳಿದ ಮಾತು ಕೇಳಲ್ಲ. ಇವನ್ನ ಹಾಕಿ ನೋಡಿ," ಎಂದು ಒಂದು ಕಟ್ಟು ಕೊಟ್ಟಳು. ಇಟ್ಟುಕೊಳ್ಳುವ ಅವಧಿ ಮುಗಿದು, ಹರಿದು ಹಾಕಲು ಒಪ್ಪಿಗೆ ಸಿಕ್ಕಿದ್ದ ಫೈಲುಗಳು ಅವು. ಸೇಡು ತೀರಿಸಿಕೊಳ್ಳಲು ಬೇಕಾದ ಕಾಗದವನ್ನು ಹಾಳು ಮಾಡುವಷ್ಟು ಬುದ್ಧಿಗೆಟ್ಟವಳಲ್ಲ ಅವಳು.

ಯಂತ್ರ ಎರಡು ಹಾಳೆ ಹೇಗೋ ನುಂಗಿತು. ಮೂರನೆಯದಕ್ಕೆ ಕರ್ರ್ ಎಂದು ಸದ್ದು ಬಂತು. ಅದರ ವೇಗವೇ ಅದಕ್ಕೆ ಮುಳುವಾಯಿತು. ನಿಲ್ಲುವ ಹೊತ್ತಿಗೆ ಹಿಂದಿನ ಹಾಳೆಗಳೂ ಬಂದು ಒಳಗೆ ಮುದ್ದೆಯಾಗಿದ್ದವು. ನಗುಮುಖದವನು ಮುಚ್ಚಳ ತೆಗೆದು ಚಿಂದಿಗಳನ್ನು ಒಂದೊಂದೇ ಕಿತ್ತ. ನಗು ಮಾತ್ರ ಹಾಗೆಯೇ ಇತ್ತು, ಅದೂ ಎಲ್ಲೋ ಸಿಕ್ಕಿಹಾಕಿಕೊಂಡ ಹಾಗೆ.

"ಇಂಥ ಪೇಪರ್ ಕೊಟ್ರೆ ಯಾವ ಮೆಷಿನ್ ಆದ್ರೂ ಇಷ್ಟೇ ಮೇಡಂ."

"ಅದನ್ನೂ ನೋಡೋಣ," ಎಂದಳು ರೆಕಾರ್ಡಕ್ಕ, ಸಾಹೇಬರ ಕಡೆ ತಿರುಗಿ. ಅವರಿಗೆಂದೇ ಬೇರೆ ಕಟ್ಟು ಎತ್ತಿಟ್ಟಿದ್ದಳು. ಮಳೆಗಾಲದಲ್ಲಿ, ನೀರಾದ ಗೋಂದಿನಲ್ಲಿ ಅಂಟಿಸಿದ್ದು. ಇಡೀ ನೆಲಮಾಳಿಗೆಯಲ್ಲಿ ಅದಕ್ಕಿಂತ ಕೆಟ್ಟ ಕಟ್ಟು ಇರಲಿಲ್ಲ. ಅವಳೇ ಹುಡುಕಿ ಹುಡುಕಿ ತೆಗೆದದ್ದು.

ಸಾಹೇಬರ ಯಂತ್ರ ನೋಡಲು ಕುಳ್ಳು, ವೇಗವೂ ಮೊದಲನೆಯದರ ಅರ್ಧ. ಹಾಳೆಯನ್ನು ಒಂದು ಬೆರಳಿನಷ್ಟು ಒಳಗೆ ಎಳೆಯಿತು. ಟುಂಯ್ ಎಂದಿತು. ನಿಂತಿತು. ಕೆಂಪು ದೀಪ ಹತ್ತಿತು. ಸಾಹೇಬರು ಮುಚ್ಚಳ ಎತ್ತಿದರೆ ಹಾಳೆ ಒಂದು ಸುಕ್ಕೂ ಇಲ್ಲದೆ ಹೊರಗೆ ಬಂತು.

"ಇದಕ್ಕೆ ಕಿವಿ ಇದೆ," ಎಂದರು ಸಾಹೇಬರು ಮೇಡಂ ಕಡೆ ನೋಡಿ. "ಹಾಳೆ ಮೂಲಕ ಶಬ್ದ ಹಾಯಿಸಿ ಕೇಳತ್ತೆ. ಒಂದರ ಅಡಿ ಇನ್ನೊಂದು ಅಂಟ್ಕೊಂಡಿದ್ರೆ ಶಬ್ದ ಬದಲಾಗತ್ತೆ. ತಕ್ಷಣ ನಿಲ್ಲತ್ತೆ. ತೀರಾ ನಾಜೂಕಿನ ಹಾಳೆ ಇದ್ರೆ, ನೋಡಿ, ಪಕ್ಕದಲ್ಲಿ ಗಾಜಿನ ಹಲಗೆ. ಅದರ ಮೇಲೆ ಇಟ್ಟು ತೆಗೀಬಹುದು."

ರೆಕಾರ್ಡಕ್ಕ ಮತ್ತೊಂದು ಹಾಳೆ ಕೊಟ್ಟಳು. ಟುಂಯ್. ಇನ್ನೊಂದು. ಟುಂಯ್. ಮೂಲೆ ಮಡಚಿದ್ದು, ಪಿನ್ನಿನ ತೂತಿದ್ದು, ಈರುಳ್ಳಿ ಸಿಪ್ಪೆಯಂಥ ಕಾರ್ಬನ್ ಪ್ರತಿ, ಎಲ್ಲ ಕೊಟ್ಟಳು. ಹೋಗಬೇಕಾದ್ದು ಹೋಯಿತು, ನಿಲ್ಲಬೇಕಾದ್ದು ನಿಂತಿತು. ಒಂದೂ ಹರಿಯಲಿಲ್ಲ. ಅತ್ತ ನಗುಮುಖದವನು ಇನ್ನೂ ಇಕ್ಕಳ ಹಿಡಿದು ಚಿಂದಿ ಕೀಳುತ್ತಿದ್ದ. ನಿಮಿಷದ ಲೆಕ್ಕದಲ್ಲಿ ಗೆದ್ದ ಯಂತ್ರ ಅರ್ಧ ಗಂಟೆಯ ಲೆಕ್ಕದಲ್ಲಿ ಸೋತಿತ್ತು.

ಹಾಳಾದ ಮೆಷಿನ್ನು, ಒಳ್ಳೆಯದೇ ಆಗಬೇಕಿತ್ತೇ?

ಸಾಹೇಬರು ಆ ಕಟ್ಟನ್ನು ಕೈಗೆತ್ತಿಕೊಂಡು ಪ್ರೀತಿಯಿಂದ ಸವರಿದರು. "ನೋಡಮ್ಮಾ, ಆಗಿನ ಕಾಲದ ಕೆಲಸ. ಇಷ್ಟು ವರ್ಷ ಆದ್ರೂ ಒಂದು ಚೀಟಿ ಅಲ್ಲಾಡಿಲ್ಲ. ಗೋಂದು ಹಾಕಿಸಿದ್ದು ನಾನು ಮೇಡಂ."

"ಓ, ನೀವಾ?" ಎಂದರು ಡೈರೆಕ್ಟರ್ ಮೇಡಂ. ಅದು ಮೆಚ್ಚುಗೆಯಾಗಿತ್ತೋ ಇಲ್ಲವೋ ಹೇಳುವುದು ಕಷ್ಟ. ಸಾಹೇಬರು ಮೆಚ್ಚುಗೆಯೆಂದೇ ತೆಗೆದುಕೊಂಡು ಉಬ್ಬಿದರು.

"ನಮ್ಮಲ್ಲಿ ಅವರಿಗೆ ಹೇಳಿ, ಇವರಿಗೆ ಫೋನ್ ಮಾಡಿ ಅನ್ನೋದು ಇಲ್ಲ ಮೇಡಂ. ಫೋನ್ ಎತ್ತೋನೂ ನಾನೇ, ರಿಪೇರಿಗೆ ಬರೋನೂ ನಾನೇ. ಇಟ್ಕೊಂಡಿದ್ದ ಇಬ್ಬರೂ ಬಿಟ್ಟು ಹೋದ್ಮೇಲೆ ನಾನು ಒಬ್ಬನೇ ನೋಡ್ಕೊಳ್ತಿದೀನಿ. ಈ ಕೆಲಸಕ್ಕೆ ಏನು ಬೇಕಾದ್ರೂ ಖುದ್ದಾಗಿ ಬಂದು ಮಾಡ್ಕೊಡ್ತೀನಿ."

ಆ ಮಾತು ರೆಕಾರ್ಡಕ್ಕನ ಕಿವಿಗೆ ಬಿತ್ತು. ಆಗ ಅದರ ಬೆಲೆ ಅವಳಿಗೆ ತಿಳಿಯಲಿಲ್ಲ. ಅವಳ ಮನಸ್ಸೆಲ್ಲ ಆ ಟುಂಯ್ ಎನ್ನುವ ಸದ್ದಿನಲ್ಲಿತ್ತು.

ಸಂಜೆ ಮನೆಗೆ ಬಂದು ಚಪ್ಪಲಿಯನ್ನು ಮೂಲೆಗೆ ಒದ್ದಳು. ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹೊಲಿಗೆಯಿಂದ ತಲೆಯೆತ್ತದೆ, "ಸತ್ತಿತಾ ಗೋಂದು ಸಾಹೇಬನ ಮೆಷಿನ್ನು?" ಎಂದು ಕೇಳಿದ.

"ಸಾಯ್ಲಿಲ್ಲ ಕಣ್ರೀ. ಜಾಣ ಮೆಷಿನ್ನು. ಇವನ ಹತ್ರ ಇರೋ ಬುದ್ಧಿಯೆಲ್ಲ ಅದಕ್ಕೇ ಹೋಗಿದೆ."

"ಹಾಗಾದ್ರೆ ಇನ್ನೊಬ್ಬಂದು ತಗೊಳ್ಳೋದು. ನಿನ್ನ ಕೈಲೇ ಇದೆಯಲ್ಲ."

"ಅದು ಕಾಗದ ಹರಿಯತ್ತೆ."

"ಹರೀಲಿ ಬಿಡು."

"ಹರೀಲಿ ಬಿಡು ಅಂದ್ರೆ? ಮಕ್ಕಳಾದೋರು, ಕಿಡ್ನಿ ತೆಗೆಸ್ಕೊಂಡೋರು, ನಾಳೆ ಬಂದು ಕೇಳಿದ್ರೆ ನಾನೇನು ಚಿಂದಿ ಕೊಡ್ಲಾ?"

ಗಂಡ ಈಗ ಹೊಲಿಗೆ ನಿಲ್ಲಿಸಿದ. ಕನ್ನಡಕದ ಮೇಲಿಂದ ನೋಡಿದ. "ನಾನೂ ಅದನ್ನೇ ಹೇಳ್ತಿರೋದು ಕಣೇ. ಕತ್ತರಿ ಮಾರೋನ ಮೇಲೆ ಸಿಟ್ಟು ಅಂತ ಮೊಂಡು ಕತ್ತರಿ ತಂದ್ಕೊಂಡ್ರೆ, ದಿನಾ ಬಟ್ಟೆ ಕೊಯ್ಯೋಳು ನೀನು ತಾನೆ?"

"ಹಾಗಂತ ಆರ್ಡರ್ ಅವನಿಗೇ ಕೊಟ್ಟು ಕೈ ಮುಗೀಲಾ?"

"ಮೆಷಿನ್ ತಗೋ. ಮುಯ್ಯಿ ಬೇರೆ ತೀರಿಸ್ಕೋ. ಎರಡನ್ನೂ ಯಾಕೆ ಒಂದೇ ದಾರದಲ್ಲಿ ಪೋಣಿಸ್ತೀಯ?" ಎಂದು ಅವನು ಮತ್ತೆ ಪೆಡಲು ತುಳಿದ. ಸ್ವಲ್ಪ ಹೊತ್ತಾದ ಮೇಲೆ ಸೇರಿಸಿದ. "ಆ ಮೆಷಿನ್ ಜಾಣ ಅಂದ್ಯಲ್ಲ. ಅಂಟಿದ್ದು ಸಿಕ್ಕಿದ್ರೆ ನಿಂತ್ಕೊಳ್ಳತ್ತೆ. ಬಿಡಿಸೋದು ಯಾರು?"

"ಯಾರು ಅಂದ್ರೆ? ನಾವೇ. ನಾನು, ನಮ್ಮ ಸೆಕ್ಷನ್ನಿನ ಇಬ್ಬರು ಹುಡುಗೀರು. ಮೆಷಿನ್ನಿಗೆ ಹಾಕೋ ಮುಂಚೆ ಒಂದೊಂದೇ ಚೀಟಿ..."

ಅವಳ ಮಾತು ಅಲ್ಲಿಗೇ ನಿಂತಿತು. ಕೂತಲ್ಲಿಂದ ಎದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದ್ದರೂ ನೋಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕಳು. ಫೋನ್ ಎತ್ತೋನೂ ನಾನೇ, ರಿಪೇರಿಗೆ ಬರೋನೂ ನಾನೇ.

ಮಾರನೆಯ ಬೆಳಿಗ್ಗೆ ಡೈರೆಕ್ಟರ್ ಮೇಡಂ ಕೋಣೆಯಲ್ಲಿ ರೆಕಾರ್ಡಕ್ಕ ಸಾಹೇಬರ ಯಂತ್ರವನ್ನು ಹೊಗಳಿದ ಪರಿ ನೋಡಿದ್ದರೆ ಸಾಹೇಬರೇ ನಾಚಬೇಕಿತ್ತು. ನಿಧಾನವಾದರೂ ನಂಬಬಹುದು, ಕಾಗದ ಉಳಿಯುತ್ತದೆ, ದಿನದ ಕೊನೆಗೆ ಕೆಲಸ ಹೆಚ್ಚೇ ಆಗುತ್ತದೆ. ಎಲ್ಲವೂ ನಿಜವೇ.

"ಒಂದೇ ಒಂದು ಷರತ್ತು ಸೇರಿಸ್ಬೇಕು ಮೇಡಂ. ಗೋಂದಿನ ಹಾಳೆ ಬಂದಾಗಲೆಲ್ಲ ಮೆಷಿನ್ ನಿಲ್ಲತ್ತೆ. ಮೊದಲ ಎರಡು ಕಪಾಟಿನ ಚೀಟಿ ಬಿಡಿಸಿ, ಹಾಳೆ ಸಿದ್ಧ ಮಾಡ್ಕೊಡೋದು ಮಾರೋರ ಜವಾಬ್ದಾರಿ ಅಂತ ಬರೀರಿ. ಇಲ್ಲೇ ಕೂತು ಮಾಡ್ಬೇಕು. ಕಾಗದ ಹೊರಗೆ ಕಳಿಸೋ ಹಾಗಿಲ್ಲ."

"ಅವರು ಒಪ್ತಾರಾ? ಅವರಿಗೆ ಆಳಿಲ್ಲ ಅಂದ್ರಲ್ಲ."

"ಏನು ಕೆಲಸ ಇದ್ರೂ ಖುದ್ದಾಗಿ ಮಾಡ್ಕೊಡ್ತೀನಿ ಅಂತ ನಿಮ್ಮೆದುರೇ ಹೇಳಿದಾರೆ ಮೇಡಂ. ಅಲ್ಲದೆ ಗೋಂದಿನ ವಿಷಯದಲ್ಲಿ ಅವರಷ್ಟು ಅನುಭವಸ್ಥರು ನಮಗೆ ಎಲ್ಲಿ ಸಿಗ್ತಾರೆ?"

ಮೇಡಂ ಪೆನ್ನನ್ನು ಕೆಳಗಿಟ್ಟು ಅವಳನ್ನೇ ನೋಡಿದರು. "ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನೋ ಇದೆ."

"ಇದೆ ಮೇಡಂ. ಆದ್ರೆ ಆಸ್ಪತ್ರೆಗೆ ನಷ್ಟ ಇಲ್ಲ."

ಮೇಡಂ ಷರತ್ತು ಬರೆದರು. ಸಾಹೇಬರು ಅದನ್ನು ಓದಿದರೋ ಇಲ್ಲವೋ, ಆರ್ಡರ್ ಸಿಕ್ಕ ಸಂತೋಷದಲ್ಲಿ ಸಹಿ ಹಾಕಿದರು. ಚೀಟಿ ಬಿಡಿಸುವುದೇನು ಮಹಾ, ಚಿಟಿಕೆ ಹೊಡೆಯುವಷ್ಟರಲ್ಲಿ ಆಗುವ ಕೆಲಸ ಎಂದುಕೊಂಡಿರಬೇಕು. ಅವರು ಗೋಂದು ಹಚ್ಚಿಸಿದ್ದರೇ ಹೊರತು ಒಂದು ದಿನವೂ ಹಚ್ಚಿದವರಲ್ಲ.

ಕೆಲಸಕ್ಕೆ ಬಂದ ದಿನ ನೀರಿನ ಪಂಪಿನ ಪಕ್ಕದಲ್ಲಿ ಹಳೆಯ ಸ್ಟೂಲು ಕಾದಿತ್ತು. ಟ್ರಾಲಿ ಮಾವ ಅದನ್ನು ಎಲ್ಲಿಂದಲೋ ಹುಡುಕಿ, ತೊಳೆದು ತಂದು ಇಟ್ಟಿದ್ದ. ಅದರ ಒಂದು ಕಾಲು ಗಿಡ್ಡ, ರೆಕಾರ್ಡಕ್ಕ ಕೂರುತ್ತಿದ್ದಾಗಲೂ ಹಾಗೆಯೇ ಇತ್ತು.

"ಕುರ್ಚಿ ಇಲ್ವೇನಮ್ಮಾ?"

"ಕುರ್ಚಿಲಿ ಕೂತ್ರೆ ಬಗ್ಗೋಕಾಗಲ್ಲ ಸರ್. ಈ ಕೆಲಸಕ್ಕೆ ಬಗ್ಗಬೇಕು."

ರೆಕಾರ್ಡಕ್ಕ ಅವರಿಗೆ ಮೊಂಡು ಚಾಕು ಒಂದನ್ನು ಕೊಟ್ಟಳು. ಮಾವ ಕಟ್ಟುಗಳನ್ನು ತಂದು ತಂದು ಒಟ್ಟಿದ. ಎಲ್ಲವೂ ಅವಧಿ ಮುಗಿದವೇ. ಕೈ ಪಳಗುವವರೆಗೆ ಇವನ್ನೇ ಮಾಡಿ ಎಂದಿದ್ದಳು. ಸಾಹೇಬರು ಬಿಡಿಸಿದ ಹಾಳೆಗಳನ್ನು ಮಾವ ಬಹಳ ಮರ್ಯಾದೆಯಿಂದ ಟ್ರಾಲಿಯಲ್ಲಿ ತುಂಬಿಕೊಂಡು, ಬಾಗಿಲಾಚೆ ಹೋಗಿ, ನೇರವಾಗಿ ಕಾಗದ ಕತ್ತರಿಸುವ ಯಂತ್ರದ ಚೀಲಕ್ಕೆ ಸುರಿಯುತ್ತಿದ್ದ.

ಪಂಪು ಶುರುವಾದಾಗಲೆಲ್ಲ ಸಾಹೇಬರು ಬೆಚ್ಚಿ ಬೀಳುತ್ತಿದ್ದರು. ಬೆನ್ನು ಹಿಡಿದುಕೊಂಡು ಏಳುತ್ತಿದ್ದರು, ಕೂರುತ್ತಿದ್ದರು. ಉಗುರಿನ ಸಂದಿಯಲ್ಲಿ ಹಳೆಯ ಹಿಟ್ಟಿನ ಪುಡಿ ಸೇರಿಕೊಂಡಿತು. ಮೊದಮೊದಲು ಹಳೆಯ ಕಾಲದ ಕಥೆ ಹೇಳಿ ಇಬ್ಬರು ಹುಡುಗಿಯರನ್ನು ನಗಿಸಲು ನೋಡಿದರು. ಈಗ ಸಾಹೇಬರು ನಕ್ಕರೆ ನಗಬೇಕೆಂಬ ಕಟ್ಟಳೆ ಇರಲಿಲ್ಲ. ಮಾತು ಕಡಿಮೆಯಾಯಿತು. ಚೀಟಿಗಳು ಮಾತ್ರ ಅವರ ಕೈಯಲ್ಲಿ ಹರಿಯುತ್ತಲೇ ಇದ್ದವು.

ಒಂದು ಮಧ್ಯಾಹ್ನ ಡೈರೆಕ್ಟರ್ ಮೇಡಂ ಕೆಲಸ ಎಲ್ಲಿಗೆ ಬಂತೆಂದು ನೋಡಲು ಕೆಳಗೆ ಬಂದರು. ಸಾಹೇಬರ ಮುಂದೆ ಚೂರುಗಳ ಗುಡ್ಡೆ ಇತ್ತು. ಮೇಡಂ ಒಂದು ಚೂರನ್ನು ಎತ್ತಿ ನೋಡಿ, "ಇಷ್ಟೊಂದು ಹರೀತಿದೆಯಲ್ಲ?" ಎಂದರು.

ಸಾಹೇಬರ ಮುಖ ಕೆಂಪಾಯಿತು. ಬೆಳಗಿನಿಂದ ಬಗ್ಗಿ ಬೇಸತ್ತಿದ್ದ ಮನುಷ್ಯ.

"ನನ್ನ ಕೈದೇನಿಲ್ಲ ಮೇಡಂ. ಈ ಗೋಂದೇ ಸರಿ ಇಲ್ಲ. ಹಚ್ಚಿದ ಕಡೆ ನಿಂತಿಲ್ಲ, ಪೂರ್ತಿ ಹರ್ಕೊಂಡು ಬಂದಿದೆ. ಚೀಟಿಗೆ ಚೀಟಿ ಕಚ್ಕೊಂಡಿದೆ."

ರೆಕಾರ್ಡಕ್ಕ ಸ್ಕ್ಯಾನರಿನ ಗುಂಡಿ ಒತ್ತಿ ನಿಲ್ಲಿಸಿದಳು. ಇಷ್ಟು ವರ್ಷ ಕಾದ ಮಾತು ಬಂದಾಗ ಎದೆ ಹೊಡೆದುಕೊಳ್ಳುತ್ತದೆ ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ.

"ಇನ್ನೊಂದ್ಸಲ ಹೇಳಿ ಸರ್. ಮಾವನಿಗೆ ಕಿವಿ ಸ್ವಲ್ಪ ಮಂದ."

ಮಾವನ ಕಿವಿ ಎಂಥದೆಂದರೆ ಮೂರನೆಯ ಮಹಡಿಯಲ್ಲಿ ಕಾಫಿ ಲೋಟ ಇಟ್ಟರೆ ಅವನಿಗೆ ಕೇಳಿಸುತ್ತಿತ್ತು. ಅವನು ಟ್ರಾಲಿ ಬಿಟ್ಟು ಹತ್ತಿರ ಬಂದು ಕಿವಿಗೆ ಕೈ ಹಿಡಿದ.

"ತಪ್ಪು ಗೋಂದಿಂದು ಅಂದೆ," ಎಂದರು ಸಾಹೇಬರು ಜೋರಾಗಿ. "ಕೈಯದಲ್ಲ. ಈ ಗೋಂದಲ್ಲಿ ಯಾರೇ ಅಂಟಿಸಿದ್ರೂ ಹೀಗೇ ಆಗೋದು."

"ಈ ಮಾತನ್ನ ಅವತ್ತು ಕಾರಿಡಾರಲ್ಲಿ ಹೇಳಿದ್ರೆ ಏನಾಗ್ತಿತ್ತು ಸರ್?" ಎಂದ ಮಾವ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಯಾವತ್ತು?"

ಸಾಹೇಬರು ಮಾವನನ್ನು ನೋಡಿದರು, ರೆಕಾರ್ಡಕ್ಕನನ್ನು ನೋಡಿದರು. ಆಮೇಲೆ ಅವರ ಕಣ್ಣು ಅವರದೇ ಉಗುರುಗಳ ಮೇಲೆ ಇಳಿಯಿತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಕನ್ನಡಕ ತೆಗೆದರು.

"ಆ ಸರ್ಜನ್ ಗಲಾಟೆ," ಎಂದರು ಮೆಲ್ಲಗೆ. "ಅದು ನೀನು... ನೀವಾ?"

"ನಾನೇ ಸರ್. ನಮ್ಮಪ್ಪ ಥಿಯೇಟರ್ ಬಾಗಿಲಲ್ಲಿ ನಿಂತಿದ್ರು."

"ಅವರು ಈಗ..."

"ಇಲ್ಲ. ಮಗಳ ಕೈ ಸರಿ ಇಲ್ಲ ಅಂತ ತಿಳ್ಕೊಂಡೇ ಹೋದ್ರು."

ಡೈರೆಕ್ಟರ್ ಮೇಡಂ ಕೈಯಲ್ಲಿದ್ದ ಚೂರನ್ನು ಮೇಜಿನ ಮೇಲಿಟ್ಟು, ಏನೂ ಕೇಳದೆ ಮೆಟ್ಟಿಲು ಹತ್ತಿ ಹೋದರು. ತಿಳಿಯಬೇಕಾದ್ದು ಅವರಿಗೆ ತಿಳಿದಿತ್ತು. ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಅದು ಕ್ಷಮೆಯೇ ಆಗಿತ್ತೇನೋ. ಅಷ್ಟರಲ್ಲಿ ಪಂಪು ಶುರುವಾಯಿತು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವಂತಿರಲಿಲ್ಲ. ರೆಕಾರ್ಡಕ್ಕ ಪಂಪು ನಿಲ್ಲುವವರೆಗೂ ಕಾದಳು. ನಿಂತ ಮೇಲೆ ಇನ್ನೊಂದು ಕಟ್ಟನ್ನು ಎತ್ತಿ ಅವರ ತೊಡೆಯ ಮೇಲಿಟ್ಟಳು.

"ಗೋಂದಿಗೆ ಕಣ್ಣಿದೆಯಾ ಸರ್? ಕೈ ಸರಿ ಇರ್ಬೇಕು. ನಿಧಾನಕ್ಕೆ ಮಾಡಿ."

ಸಾಹೇಬರು ತಲೆ ತಗ್ಗಿಸಿ ಮೊಂಡು ಚಾಕು ಹಿಡಿದರು.

ಹಿಟ್ಟಿನ ಗೋಂದು ಎಷ್ಟೇ ಹಳೆಯದಾದರೂ ಬಿಸಿ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಮೇಲೆ ಹೊದಿಸಿದರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಚಾಕು ಬೇಕಾಗಿಲ್ಲ, ಬಲ ಬೇಕಾಗಿಲ್ಲ, ಒಂದು ಚೀಟಿಯೂ ಹರಿಯುವುದಿಲ್ಲ. ನೆಲಮಾಳಿಗೆಯವರಿಗೆಲ್ಲ ಇದು ಗೊತ್ತು. ಯಾರೂ ಬಾಯಿ ಬಿಡಬಾರದೆಂದು ರೆಕಾರ್ಡಕ್ಕ ಮೊದಲ ದಿನವೇ ತಾಕೀತು ಮಾಡಿದ್ದಳು. ಎರಡು ಕಪಾಟಿನ ಬೇಕಾದ ಕಾಗದಗಳನ್ನು ಹುಡುಗಿಯರು ಒಳಗಿನ ಕೋಣೆಯಲ್ಲಿ ಹಾಗೆಯೇ ಬಿಡಿಸಿ ಆಗಲೇ ಸ್ಕ್ಯಾನರಿಗೆ ಹಾಕುತ್ತಿದ್ದರು.

ಸಂಜೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಮಾವ ಅವಳ ಪಕ್ಕ ಬಂದು ನಿಂತ. "ಪಾಪ, ಬೆನ್ನು ನೆಟ್ಟಗಾಗ್ತಿಲ್ಲ ಅವರಿಗೆ. ಬಿಸಿ ನೀರಿಂದು ಹೇಳ್ಬಿಡ್ಲಾ?"

ರೆಕಾರ್ಡಕ್ಕ ಹಿಂತಿರುಗಿ ನೋಡಿದಳು. ಗಿಡ್ಡ ಕಾಲಿನ ಸ್ಟೂಲಿನ ಮೇಲೆ ಸಾಹೇಬರು ಒಂದು ಚೀಟಿಯನ್ನು ದೀಪಕ್ಕೆ ಹಿಡಿದು, ಅದರ ಅಡಿಯಲ್ಲಿ ಇನ್ನೊಂದು ಇದೆಯೋ ಎಂದು ಹುಡುಕುತ್ತಿದ್ದರು.

"ನಾಳೆ ಹೇಳೋಣ ಮಾವ," ಎಂದಳು. ಎರಡು ಮೆಟ್ಟಿಲು ಹತ್ತಿ ನಿಂತಳು. "ನಾಳೇನೇ ಅಂತೇನಿಲ್ಲ. ಈ ವಾರ ಕಳೀಲಿ."